ಟೊಮೊಯೆಯ ಕವಚ, ಪುಟ್ಟಿಯ ಬೆಲ್ಟ್

27 ಅಕ್ಟೋಬರ್ 2024, ಭಾನುವಾರ ರಾತ್ರಿ
ನ್ಯೂ ಜೆರ್ಸಿ

ಪುಟ್ಟಿ ಮುನಿಸಿಕೊಂಡೇ ಮಲಗಿದಳು. ಊಟದ ಮೇಜಿನ ತುಂಬ ಅವಳ ಕವಚದ ತುಂಡುಗಳು ಹರಡಿವೆ. ಅಂಟಿನ ಘಾಟು ಹೋಗಲೆಂದು ಅಡುಗೆಮನೆಯ ಕಿಟಕಿ ತೆರೆದಿಟ್ಟು ಇದನ್ನು ಬರೆಯುತ್ತಿದ್ದೇನೆ. ಗುರುವಾರ ಹ್ಯಾಲೋವೀನ್, ಇಲ್ಲಿ ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗುವ ಹಬ್ಬ. ಈ ಸಲ ನರಕ ಚತುರ್ದಶಿಯೂ ಅದೇ ದಿನ ಬಂದಿರುವುದರಿಂದ ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ವೇಷ. ಫೋನಿನಲ್ಲಿ ಅತ್ತೆಗೆ ವಿಷಯ ತಿಳಿಸಿದಾಗ, ‘ಹಬ್ಬದ ದಿನ ಭೂತಪ್ರೇತದ ವೇಷ ಮಾತ್ರ ಬೇಡ’ ಎಂದರು. ಭೂತವಲ್ಲ, ಯುದ್ಧ ಮಾಡಿದ ಹೆಣ್ಣುಮಗಳು ಎಂದ ಮೇಲೆ ಒಪ್ಪಿದರು.

ಟೊಮೊಯೆ ಗೊಜೆನ್ ಆಗಬೇಕೆಂಬುದು ಪುಟ್ಟಿಯದೇ ಹಟ. ಲೈಬ್ರರಿಯಿಂದ ತಂದ ಚಿತ್ರಪುಸ್ತಕದಲ್ಲಿ ಅವಳನ್ನು ಕಂಡಂದಿನಿಂದ ಬೇರೆ ಮಾತೇ ಇಲ್ಲ. 12ನೆಯ ಶತಮಾನದ ಜಪಾನಿನಲ್ಲಿ ಮಿನಾಮೊಟೊ ಯೊಶಿನಾಕನ ಕಡೆಯಿಂದ ಕುದುರೆಯೇರಿ ಕಾದಿದವಳೆಂದು ಯುದ್ಧಕಥನಗಳು ಹೇಳುತ್ತವೆ. 1184ರ ಆವಾಜು ಕಾಳಗದಲ್ಲಿ ಅವನ ಪಕ್ಕದಲ್ಲಿ ಕೊನೆಗೆ ಉಳಿದ ಕೆಲವೇ ಮಂದಿಯಲ್ಲಿ ಇವಳೊಬ್ಬಳು. ಹೆಣ್ಣನ್ನು ಜೊತೆಗಿಟ್ಟುಕೊಂಡು ಸತ್ತನೆಂಬ ಮಾತು ಬೇಡ, ಹೋಗಿಬಿಡು ಎಂದು ಅವನು ಹೇಳಿದನಂತೆ. ಹೋಗುವ ಮೊದಲು ಶತ್ರುಪಾಳೆಯದ ಬಲಶಾಲಿಯೊಬ್ಬನನ್ನು ಕುದುರೆಯಿಂದ ಎಳೆದು ಕೊಂದು, ಕವಚ ಕಳಚಿ ಎಸೆದು, ಪೂರ್ವದ ಸೀಮೆಗೆ ಹೊರಟುಹೋದಳಂತೆ. ಅವಳು ಎಸೆದ ಕವಚವನ್ನೇ ನಾವು ಮಾಡುತ್ತಿರುವುದು ಎಂದು ಪುಟ್ಟಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಅಂಗಡಿಯಿಂದ ತಂದದ್ದು ಅಂಟು, ಬಣ್ಣ, ಕೆಂಪು ದಾರ ಇಷ್ಟೇ. ಮಿಕ್ಕಿದ್ದೆಲ್ಲ ಕರಾಟೆಯ ಚೀಲದಿಂದಲೇ ಹೊರಟಿತು. ಒಳಗೆ ತೊಡಲು ಅವಳ ಹಳೆಯ ಗೀ, ಅಂದರೆ ಕರಾಟೆಯ ಬಿಳಿ ಅಂಗಿ, ಇದೆ. ಅದರ ತೋಳು ಈಗ ಮೊಣಕೈ ದಾಟಿ ಸ್ವಲ್ಪ ಕೆಳಗಷ್ಟೇ ಬರುತ್ತದೆ, ಮುಂಗೈ ಕವಚ ಕಟ್ಟಲು ಅದೇ ಅನುಕೂಲವಾಯಿತು. ಕಾಲಿಗೆ ಸ್ಪಾರಿಂಗ್‌ನ, ಎಂದರೆ ಜೋಡಿಯಾಗಿ ಕಾದಾಡುವ ಅಭ್ಯಾಸದ, ಮೊಣಕಾಲಗಂಟಿನ ಕೆಳಗಿನ ಪ್ಯಾಡ್‌ಗಳು. ಅವುಗಳ ಮೇಲೆ ನೇರವಾಗಿ ಬಣ್ಣ ಬಳಿಯಲು ನಾನು ಬಿಡಲಿಲ್ಲ. ಶನಿವಾರ ಮತ್ತೆ ಅವನ್ನೇ ಕಟ್ಟಿಕೊಂಡು ಒದೆ ತಡೆಯಬೇಕಲ್ಲ, ಅಂಟು ಬಣ್ಣ ತಗುಲಿ ಹಾಳಾದರೆ ಪೆಟ್ಟು ಮೂಳೆಗೇ. ಕಪ್ಪು ಬಟ್ಟೆಯ ಗವಸು ಹೊಲಿದು ತೊಡಿಸಿದೆ. ತಲೆಗೆ ಸ್ಪಾರಿಂಗ್ ಹೆಲ್ಮೆಟ್ ಬೇಕೆಂದಳು. ಕಿವಿ ಮುಚ್ಚುತ್ತದೆ, ಮುಸ್ಸಂಜೆಯಲ್ಲಿ ರಸ್ತೆ ದಾಟುವಾಗ ಕಾರಿನ ಸದ್ದು ಕೇಳಿಸಬೇಕು ಎಂದು ಬೇಡವೆಂದೆ. ಹಣೆಪಟ್ಟಿ ಸಾಕು.

ಎದೆಯ ಕವಚಕ್ಕೆ ಡೋಜೊದ, ಅಂದರೆ ಕರಾಟೆ ಶಾಲೆಯ, ಹಳೆಯ ಚಾಪೆ. ಹಲ್ಲುಹಲ್ಲಾಗಿ ಒಂದಕ್ಕೊಂದು ಕೂಡುವ ಆ ಫೋಮ್ ಚಾಪೆಗಳನ್ನು ಬದಲಾಯಿಸಿದಾಗ, ಬೇಕಾದವರು ಒಯ್ಯಲಿ ಎಂದು ಬಾಗಿಲ ಬಳಿ ಇಟ್ಟಿದ್ದರು. ಅದನ್ನು ಕತ್ತರಿಸುವುದೇ ಒಂದು ಕೆಲಸ. ಬ್ಲೇಡು ಬೇಗ ಮೊಂಡಾಗುತ್ತದೆ, ಮೊಂಡಾದರೆ ಫೋಮ್ ಕತ್ತರಿಸುವುದಿಲ್ಲ, ಹರಿಯುತ್ತದೆ. ಮೇಲ್ಮೈ ಮೇಲೆ ಬ್ಲೇಡಿನಿಂದ ಅರ್ಧ ಆಳಕ್ಕೆ ಗೆರೆ ಎಳೆದು ಬಿಸಿಗಾಳಿಯ ಗನ್ ಹಿಡಿದರೆ ಗೆರೆ ತಾನಾಗಿ ಬಿರಿದು ಅಗಲವಾಗುತ್ತದೆ. ಸಣ್ಣ ಸಣ್ಣ ತಗಡುಗಳನ್ನು ದಾರದಲ್ಲಿ ಪೋಣಿಸಿದಂತೆ ಕಾಣುವುದು ಹಾಗೆ. ಇನ್ನೂ ತುಸು ಕಾಯಿಸಿದರೆ ಮಂಕಾಗಿದ್ದ ಫೋಮ್‌ಗೆ ಒಂದು ಹೊಳಪು ಬರುತ್ತದೆ, ಬಗ್ಗಿಸುವ ಹೊತ್ತು ಅದೇ. ನಾನು ದೊಡ್ಡ ಕುಕ್ಕರಿನ ಮೈಗೆ ಒತ್ತಿ ಹಿಡಿದೆ. ತಣಿದ ಮೇಲೆ ಎದೆಯ ಬಾಗು ಹಾಗೆಯೇ ನಿಂತಿತು. ಪುಟ್ಟಿ ಕುಣಿದಾಡಿಬಿಟ್ಟಳು. ನಿಜವಾದ ಕವಚವನ್ನು ಕಬ್ಬಿಣ, ತೊಗಲುಗಳ ತುಣುಕುಗಳಿಗೆ ಮೆರುಗೆಣ್ಣೆ ಹಚ್ಚಿ, ರೇಷ್ಮೆ ದಾರದಲ್ಲಿ ಹೆಣೆಯುತ್ತಿದ್ದರಂತೆ. ಆ ಕೈಗಳಿಗೆ ಎಷ್ಟು ತಾಳ್ಮೆಯಿತ್ತೋ!

ಚಿತ್ರಗಳಲ್ಲಿ ಟೊಮೊಯೆಯ ಕೈಯಲ್ಲಿ ಉದ್ದ ಹಿಡಿಯ, ಬಾಗಿದ ಅಲಗಿನ ನಗಿನಾತ ಎಂಬ ಆಯುಧ ಇರುತ್ತದೆ. ಆಟಿಕೆಯ ಆಯುಧವೂ ಕೂಡದೆಂದು ಶಾಲೆಯ ಸುತ್ತೋಲೆ ಬಂದಿದೆ. ಬರಿಗೈ ಟೊಮೊಯೆ.

ಇದೆಲ್ಲ ಶುರುವಾಗುವ ಮುಂಚೆ ನನಗೊಂದು ಅಳುಕಿತ್ತು. 2011ರಲ್ಲಿ ಒಹಾಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ನಾವೊಂದು ಸಂಸ್ಕೃತಿ, ವೇಷವಲ್ಲ’ ಎಂದು ಭಿತ್ತಿಚಿತ್ರ ಮಾಡಿ ಅಂಟಿಸಿದ್ದರು. ಅದರಲ್ಲೊಬ್ಬ ಹುಡುಗಿ ಜಪಾನಿನ ಗೇಶಾ ಕಲಾವಿದೆಯ ವೇಷ ತೊಟ್ಟವಳ ಫೋಟೊ ಹಿಡಿದು ನಿಂತಿದ್ದ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಸೀರೆ, ಕುಂಕುಮಗಳನ್ನು ಯಾರೋ ಒಂದು ರಾತ್ರಿಯ ತಮಾಷೆಗೆ ತೊಟ್ಟಾಗ ನನ್ನ ಮೈ ಉರಿದದ್ದಿದೆ. ಹಾಗಾಗಿ ತರಗತಿ ಮುಗಿದ ಮೇಲೆ ಸೆನ್ಸೆಯನ್ನೇ, ಅವಳ ಕರಾಟೆ ಗುರುವನ್ನೇ, ಕೇಳಿದೆ. ‘ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಮಗುವಿನ ಮೈಮೇಲಿರಲಿ. ಆದರೆ ಗೀಯ ಎಡ ಅಂಚು ಮೇಲೆ ಬರಬೇಕು, ಅದೊಂದು ತಪ್ಪದಿರಲಿ’ ಎಂದರು. ಬಲ ಅಂಚು ಮೇಲೆ ಬರುವಂತೆ ಉಡಿಸುವುದು ಜಪಾನಿನಲ್ಲಿ ಹೆಣಕ್ಕೆ. ನನಗೆ ತಟ್ಟನೆ ಅಪ್ಪ ಶ್ರಾದ್ಧದ ದಿನ ಜನಿವಾರವನ್ನು ಬಲ ಹೆಗಲಿಗೆ ದಾಟಿಸಿಕೊಳ್ಳುತ್ತಿದ್ದದ್ದು ನೆನಪಾಯಿತು. ಸೆನ್ಸೆಗೆ ಅದನ್ನು ವಿವರಿಸಿದೆ, ಬಹಳ ಹೊತ್ತು ಕೇಳಿಸಿಕೊಂಡರು.

ಇವತ್ತಿನ ಜಗಳ ಬೆಲ್ಟಿನದು. ಪಕ್ಕದ ಮನೆಯ ಹುಡುಗ ತನ್ನ ಬ್ಲ್ಯಾಕ್ ಬೆಲ್ಟನ್ನು ಗುರುವಾರಕ್ಕೆ ಕೊಡುತ್ತೇನೆ ಎಂದಿದ್ದಾನೆ. ಪುಟ್ಟಿಯದು ಹಸಿರು. ಬೇಡ ಎಂದೆ.

‘ಯಾಕೆ?’

‘ಅದು ನಿನಗೆ ಸಿಕ್ಕಿದ್ದಲ್ಲ.’

‘ಈ ಕವಚವೂ ನನಗೆ ಸಿಕ್ಕಿದ್ದಲ್ಲ. ನಾನು ಯುದ್ಧ ಮಾಡಿದೆನಾ? ಟೊಮೊಯೆ ಆಗಬಹುದು, ಬ್ಲ್ಯಾಕ್ ಬೆಲ್ಟ್ ಆಗಬಾರದಾ?’

ಟೊಮೊಯೆಯ ಕಾಲದಲ್ಲಿ ಬ್ಲ್ಯಾಕ್ ಬೆಲ್ಟೇ ಇರಲಿಲ್ಲ ಎಂದೆ. ಕಾನೊ ಜಿಗೊರೊ 1882ರಲ್ಲಿ ಕೊಡೊಕಾನ್ ಜೂಡೊ ಶಾಲೆ ತೆರೆದ ಮೇಲೆ ಬಂದದ್ದು ಅದು, ಕರಾಟೆಯವರು ಗೀಯನ್ನೂ ಬೆಲ್ಟನ್ನೂ ಜೂಡೊದಿಂದಲೇ ತಂದುಕೊಂಡರು ಎಂದು ಹೇಳಿದೆ. ‘ಹಾಗಾದರೆ ಹಸಿರೂ ಇರಲಿಲ್ಲ’ ಎಂದಳು. ಮಾತು ಸರಿಯೇ. ಇವರು ಪತ್ರಿಕೆಯಿಂದ ತಲೆಯೆತ್ತಿ ಮತ್ತೆ ತಗ್ಗಿಸಿದರು.

ಅವಳು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಪಾತ್ರೆ ತೊಳೆಯುವಾಗಲೂ ಅದೇ ಗುಂಗು. ದೊಡ್ಡಪ್ಪ ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿದ್ದವರು. ಸೇರಿದಾಗ ಹೊಸಬರ ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ. ಕೇದಗೆ ಮುಂದಲೆ ಎಂಬ ಶಿರೋಭೂಷಣ ಕಟ್ಟುವ ವೇಷ ಕೈಗೆ ಬರಲು ವರ್ಷಗಳೇ ಹಿಡಿದವು. ಚೌಕಿಯಲ್ಲಿ ಗಣಪತಿಗೆ ಕೈಮುಗಿದು ಬಣ್ಣಕ್ಕೆ ಕೂತರೆ ಬೆಳಗಿನವರೆಗೆ ಅವರು ಅಭಿಮನ್ಯು. ಯಾರಿಗೂ ಮೋಸವಿಲ್ಲ, ರಂಗದ ಮುಂದೆ ಕೂತವರಿಗೆಲ್ಲ ಅದು ನಮ್ಮ ಊರಿನವರೇ ಎಂದು ಗೊತ್ತು. ಆದರೆ ಕೋಡಂಗಿ ಕುಣಿಯುವ ಹುಡುಗ ಒಂದು ದಿನಕ್ಕೆಂದು ಮುಂದಲೆ ಎರವಲು ಪಡೆಯುತ್ತಿರಲಿಲ್ಲ. ಗುರುವಾರ ಪುಟ್ಟಿಯನ್ನು ನೋಡಿ ಇವಳು 800 ವರ್ಷದ ಹಿಂದಿನ ಯೋಧೆ ಎಂದು ಯಾರೂ ನಂಬುವುದಿಲ್ಲ. ಸೊಂಟದಲ್ಲಿ ಕಪ್ಪು ಬೆಲ್ಟ್ ಕಂಡರೆ ಮಾತ್ರ ನಂಬುತ್ತಾರೆ. ಈ ಬೀದಿಯವರಿಗೆಲ್ಲ ಅವಳು ಕರಾಟೆಗೆ ಹೋಗುವುದು ಗೊತ್ತು. ‘ಓಹೋ, ಯಾವಾಗ ಸಿಕ್ಕಿತು?’ ಎಂದು ಯಾರಾದರೂ ಬಾಗಿಲಲ್ಲಿ ನಿಂತು ಕೇಳಿದರೆ ಮಗು ಏನು ಹೇಳಬೇಕು?

ಇದನ್ನೇ ಅವಳಿಗೆ ಹೇಳಿದೆ, ಇಷ್ಟು ಉದ್ದವಾಗಿ ಅಲ್ಲ. ಅವಳು ದಿಂಬಿಗೆ ಮುಖ ಒತ್ತಿಕೊಂಡು, ‘ನನಗೆ ಅದು ಯಾವತ್ತೂ ಸಿಗದೇ ಹೋದರೆ?’ ಎಂದಳು.

ಆಗ ತಿಳಿಯಿತು. ಕಳೆದ ತಿಂಗಳ ಪರೀಕ್ಷೆಯಲ್ಲಿ ಅವಳ ಜೊತೆಯವರು ಮುಂದಿನ ಬಣ್ಣಕ್ಕೆ ಹೋದರು, ಇವಳನ್ನು ಮುಂದಿನ ಸಲ ನೋಡೋಣ ಎಂದು ಉಳಿಸಿದರು. ಮನೆಗೆ ಬಂದು ಎಂದಿನಂತೆ ಮೊಸರನ್ನ ತಿಂದು ಆಡಲು ಹೋಗಿದ್ದಳು. ನಾನೂ ಇವರೂ, ಪರವಾಗಿಲ್ಲ, ಗಟ್ಟಿ ಹುಡುಗಿ ಎಂದುಕೊಂಡಿದ್ದೆವು. ಅಷ್ಟು ದಿನ ಒಳಗೆ ಇಟ್ಟುಕೊಂಡಿದ್ದಳಲ್ಲ ಪಾಪದ ಮಗು. ಸಿಗುತ್ತದೆ ಎಂದು ಮಾತು ಕೊಡಲು ನನ್ನ ಕೈಯಲ್ಲಿಲ್ಲ, ಸಿಗದಿದ್ದರೂ ಏನಂತೆ ಎನ್ನಲು ಬಾಯಿ ಬರಲಿಲ್ಲ. ತಲೆ ಸವರುತ್ತ ಕೂತಿದ್ದೆ, ಅಷ್ಟರಲ್ಲಿ ನಿದ್ದೆ ಬಂತು.

ಈ ತಿಂಗಳು ಇಲ್ಲಿ ಮಳೆಯೇ ಇಲ್ಲ, ಹುಲ್ಲೆಲ್ಲ ಒಣಗಿದೆ. ಗುರುವಾರ ಸೆಕೆ ಎಂದು ಹವಾಮಾನದವರು ಹೇಳುತ್ತಿದ್ದಾರೆ. ದಪ್ಪ ಹತ್ತಿಯ ಗೀ, ಅದರ ಮೇಲೆ ಗಾಳಿಯಾಡದ ಫೋಮ್. ಎರಡು ಬೀದಿ ಸುತ್ತುವಷ್ಟರಲ್ಲಿ ಬೆವರಿ ತೊಯ್ದುಹೋಗುತ್ತಾಳೆ. ಬೆನ್ನಿನ ಭಾಗವನ್ನು ಬಿಟ್ಟು ಬರೀ ದಾರ ಕಟ್ಟಿದರೆ ಹೇಗೆ? ಹೊಳೆಯುವ ಟೇಪನ್ನು ಗೀಯ ಬೆನ್ನಿಗೇ ಅಂಟಿಸಬಹುದು, ಹಿಂದಿನಿಂದ ಬರುವ ಕಾರಿನವರಿಗೂ ಚೆನ್ನಾಗಿ ಕಾಣುತ್ತದೆ. ಟೊಮೊಯೆಗೆ ಬೆನ್ನುಕವಚ ಇತ್ತು ಎಂದು ಇವಳು ಹಟ ಹಿಡಿಯದಿದ್ದರೆ ಸರಿ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೇಳಬೇಕು. ಬೆಲ್ಟಿನ ಮಾತು ನಾನಾಗಿ ಎತ್ತುವುದಿಲ್ಲ, ಅವಳೇ ಎತ್ತಿದರೆ ಮಾತ್ರ...