ಜರಿಗಿಡ ಸವರುವ ಮೊದಲು ನೆಲದ ಮಟ್ಟ ನೋಡಿ

ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಕೆಲಸದ ಎಸ್ಟಿಮೇಟಿನಲ್ಲಿ ಮೊದಲು ಬರುವುದೇ 'ಕಾಡು ಸವರುವುದು'. ಇಷ್ಟು ಚದರ ಮೀಟರ್, ಇಷ್ಟು ಆಳು, ಅಷ್ಟೇ. ಯಾವ ಕಾಡು ಎಂದು ಯಾರೂ ಬರೆಯುವುದಿಲ್ಲ. ನಮ್ಮ ಕಾಸರಗೋಡಿನ ಅಳಿವೆಗಳ ಒಳಬದಿಯಲ್ಲಿ ಅದು ಎಷ್ಟೋ ಕಡೆ ಹೊಳೆಚುಳ್ಳಿಯ ಮುಳ್ಳುಪೊದೆ ಮತ್ತು ಆಳೆತ್ತರದ ಜರಿಗಿಡ. ಜರಿಗಿಡದ ಶಾಸ್ತ್ರೀಯ ಹೆಸರು ಅಕ್ರೋಸ್ಟಿಕಮ್ ಆರಿಯಂ. ಮಳೆಗೆ ಮುಂಚೆ ಸವರಿ, ಬಿಲ್ಲೂ ಪಾಸಾಗಿ, ಓಣಂ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಗಿಡ ಸೊಂಟದೆತ್ತರ ಎದ್ದು ನಿಂತಿರುತ್ತದೆ. ಮರುವರ್ಷ ಮತ್ತೆ ಅದೇ ಎಸ್ಟಿಮೇಟು.

ಕುಂಬಳೆ ಕಡೆಯ ಒಂದು ಸೈಟಿನಲ್ಲಿ ನಡೆದದ್ದು ಈಗಲೂ ಚುಚ್ಚುತ್ತದೆ. ಅಮಾವಾಸ್ಯೆ ಕಳೆದ ದೊಡ್ಡ ಭರತದ (ಉಬ್ಬರದ) ದಿನ. ರೈಜೋಫೊರಾ ಎಂಬ ಕಾಂಡ್ಲಾ ಮರದ ಉದ್ದ ಮೊಳಕೆಗಳು ಗೋಣಿಯಲ್ಲಿ ಕಟ್ಟೆಯ ಮೇಲೆ. ಕೆಳಗಿನ ಸಾಲುಗಳು ಇಳಿತದಲ್ಲೇ ಮುಗಿದಿದ್ದವು, ಮೇಲಿನ ಸಾಲುಗಳು ಬಾಕಿ. ಅಷ್ಟರಲ್ಲಿ ತೋಡಿನ ನೀರು ತಿರುಗಿತು. ತೊಳಿಲುರಪ್ಪಿನ (ಉದ್ಯೋಗ ಖಾತರಿಯ) ಮೇಟ್ ಅಕ್ಕ ಸವರಿದ ಜರಿಗಿಡದ ಮೋಟಿನ ಪಕ್ಕ ಪಿಕ್ಕಾಸು ಊರಿ ಹೇಳಿದರು: "ಇಲ್ಲಿಗೆ ನೀರು ಹತ್ತುವುದಿಲ್ಲ ಸಾರ್. ಹತ್ತುವುದಿದ್ದರೆ ಇದು ಇಷ್ಟು ಬರುತ್ತಿರಲಿಲ್ಲ. ಸ್ವಲ್ಪ ನಿಂತು ನೋಡುವ." ಎಲ್ಲರೂ ನಿಂತರು. ನೀರು ಏರುತ್ತಾ ಬಂತು, ಕೆಳಗಿನ ಗೂಟಗಳು ಒಂದೊಂದಾಗಿ ಮುಳುಗಿದವು, ಮೊದಲ ಮೋಟುಗಳ ಬುಡ ತಾಗಿತು, ಅಲ್ಲಿಯೇ ನಿಂತಿತು. ಆ ಋತುವಿನ ದೊಡ್ಡ ಭರತವೇ ಅಷ್ಟು. ಇತ್ತ ಫೋನಿನಲ್ಲಿ ಮೇಲಿನವರ ಒತ್ತಾಯ: ಡ್ರಾಯಿಂಗಿನಲ್ಲಿ ಇದ್ದ ಹಾಗೆ ಸಾಲು ಮುಗಿಯಲಿ, ಜಿಯೋಟ್ಯಾಗ್ ಫೋಟೊ ಮಧ್ಯಾಹ್ನದೊಳಗೆ ಬರಲಿ. ಕೊನೆಗೆ ಡ್ರಾಯಿಂಗಿನ ಮಾತೇ ನಡೆಯಿತು. ಮಳೆ ಇರುವಷ್ಟು ದಿನ ಎಲ್ಲ ಸಾಲುಗಳೂ ಹಸಿರು. ಬಿಸಿಲು ಬಲಿತ ಮೇಲೆ ಮೇಲಿನವು ಒಣಗಿ ಕಡ್ಡಿಯಾದವು. ಕೆಳಗಿನವು ಇವೆ.

ಆ ಅಕ್ಕ ಹೇಳಿದ್ದೇ ಈ ಗಿಡದ ಸಸ್ಯಶಾಸ್ತ್ರ. ಅಕ್ರೋಸ್ಟಿಕಮ್ ಆರಿಯಂ ಕಾಂಡ್ಲಾ ಕಾಡಿನ ಗಿಡ ಹೌದು, ಆದರೆ ದಿನಕ್ಕೆರಡು ಸಲ ಮುಳುಗುವ ಕೆಸರು ಅದರ ಜಾಗವಲ್ಲ. ದಡದ ಬದಿ, ಸ್ವಲ್ಪ ಎತ್ತರ, ಹುಣ್ಣಿಮೆ ಅಮಾವಾಸ್ಯೆಯ ಭರತಕ್ಕೆ ಮಾತ್ರ ನೀರು ಕಾಣುವ ನೆಲ, ಮೇಲಿನಿಂದ ಸಿಹಿನೀರು ಜಿನುಗುವ ಕಡೆ, ಧಾರಾಳ ಬಿಸಿಲು, ಇವಿಷ್ಟಿದ್ದರೆ ಅದು ಹಬ್ಬುತ್ತದೆ. ನಮ್ಮ ಮುರಕಲ್ಲು ಗುಡ್ಡಗಳ ಬುಡದಿಂದ ಒಸರುವ ನೀರು ಅಳಿವೆಗೆ ಸೇರುವಲ್ಲಿ ಇದೆಲ್ಲ ಒಟ್ಟಿಗೆ ಸಿಗುತ್ತದೆ. ಕಾಂಡ್ಲಾ ಮರ ಕಡಿದು ನೆಲ ತೆರೆದುಕೊಂಡರೆ ಮೊದಲು ನುಗ್ಗುವವುಗಳಲ್ಲಿ ಇದೂ ಒಂದು. ಮಲೇಷ್ಯಾದ ಮತಾಂಗ್ ಕಾಂಡ್ಲಾ ಕಾಡಿನಲ್ಲಿ ಮರ ಕಡಿದ ಜಾಗದಲ್ಲಿ ರೈಜೋಫೊರಾ ಮತ್ತೆ ಏಳದಂತೆ ತಡೆಯುವ ಕಳೆ ಎಂದೇ ಇದಕ್ಕೆ ಹೆಸರು.

ಹಾಗಾಗಿ ದಟ್ಟ ಜರಿಗಿಡ ಕಂಡರೆ ಕತ್ತಿಗಿಂತ ಮೊದಲು ಗೂಟ ಬೇಕು. ಬಣ್ಣದ ಗುರುತು ಹಾಕಿದ ಗೂಟಗಳನ್ನು ತೋಡಿನ ಅಂಚಿನಿಂದ ದಡದವರೆಗೆ ಒಂದೇ ಗೆರೆಯಲ್ಲಿ ಊರಿ. ಒಂದು ದೊಡ್ಡ ಭರತ, ಒಂದು ಅಷ್ಟಮಿಯ ಸಣ್ಣ ಭರತ, ಎರಡರಲ್ಲೂ ನೀರು ಎಲ್ಲಿಗೆ ಬಂತು ನೋಡಿ ಗುರುತಿಸಿ. ಸಣ್ಣ ಭರತದ ನೀರೂ ಮುಟ್ಟುವಲ್ಲಿ ರೈಜೋಫೊರಾ. ದೊಡ್ಡದು ಮಾತ್ರ ಮುಟ್ಟುವಲ್ಲಿ ಎಕ್ಸೊಕೇರಿಯಾ ಅಗಲೋಕದಂಥ ದಡದ ಜಾತಿಗಳು. ಅದರ ಬಿಳಿ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಸಸಿ ಹಿಡಿಯುವವರಿಗೆ ಕೈಗವಸು ಕೊಡದೆ ಕೆಲಸ ಮಾಡಿಸಬಾರದು. ದೊಡ್ಡ ಭರತವೂ ಮುಟ್ಟದಿದ್ದರೆ ಆ ನೆಲವನ್ನು ಜರಿಗಿಡಕ್ಕೇ ಬಿಡಿ. ಅದರ ಬೇರಿನ ಹೆಣಿಗೆ ದಡ ಹಿಡಿದಿಟ್ಟಿರುತ್ತದೆ. ಪೂರ್ತಿ ಕಿತ್ತರೆ ಮುಂದಿನ ಮಳೆಗೆ ದಡವೇ ಜಾರಬಹುದು.

ತೆಗೆಯಲೇಬೇಕಾದ ಕಡೆ ಸವರುವುದು ವ್ಯರ್ಥ. ಎಲೆಯೆಲ್ಲ ಹುಟ್ಟುವುದು ನೆಲಮಟ್ಟದಲ್ಲಿ ನೆಟ್ಟಗೆ ಕೂತ ದಪ್ಪ ಕಾಂಡದ ತುದಿಯಿಂದ. ಕತ್ತಿ ಹೋಗುವುದು ಎಲೆಯ ದಂಟಿಗೆ, ತುದಿಗೆ ಏನೂ ಆಗುವುದಿಲ್ಲ. ಕೆಲವೇ ವಾರಗಳಲ್ಲಿ ಸುರುಳಿ ಸುತ್ತಿದ ಕೆಂಪು ಚಿಗುರು ಬಂದೇ ಬರುತ್ತದೆ. ಸುತ್ತ ಅಗೆದು, ದಪ್ಪ ಬೇರು ಕಡಿದು, ಕಾಂಡ ಸಮೇತ ಎತ್ತಿ, ಭರತ ಮುಟ್ಟದ ಜಾಗಕ್ಕೆ ಸಾಗಿಸಿ ಒಣಗಿಸಬೇಕು. ಕೆಸರಿನಲ್ಲೇ ಬಿಟ್ಟ ತುಂಡು ಮತ್ತೆ ಹಿಡಿದುಕೊಳ್ಳುತ್ತದೆ. ಇಡೀ ಸೈಟು ಅಗೆಯುವುದೂ ಬೇಡ: ಪ್ರತಿ ಸಸಿಯ ಸುತ್ತ ಒಂದು ಮೀಟರಿನಷ್ಟು ತೆರವು ಸಾಕು. ಉಳಿದ ಗಿಡಗಳ ಎಲೆ ಸಸಿಯ ಮೇಲೆ ಬಾಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಎರಡು ಮೂರು ಮೀಟರ್ ಎಲೆಯ ನೆರಳಿನಡಿ ಅವಿಸೆನ್ನಿಯಾದಂಥ ಕಾಂಡ್ಲಾ ಸಸಿ ಏಳುವುದಿಲ್ಲ. ಕಳೆನಾಶಕ ಹೊಡೆಯುವ ಮಾತು ಬಂದರೆ ಒಪ್ಪಬೇಡಿ. ಆ ನೀರಿನಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರಿದ್ದಾರೆ.

ಸರ್ವೆ ಹಾಳೆ ತುಂಬುವವರಿಗೂ ಒಂದು ಮಾತು. ಮೇಲಿನಿಂದ ತೆಗೆದ ಡ್ರೋನ್ ಚಿತ್ರದಲ್ಲಿ ಜರಿಗಿಡದ ಹಾಸೂ ಹಸಿರು, ಕಾಂಡ್ಲಾದ ತಲೆಯೂ ಹಸಿರು. ನಡೆದು ನೋಡದೆ ವಿಸ್ತೀರ್ಣ ಬರೆಯಬೇಡಿ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ 1000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಪ್ರದೇಶಕ್ಕೆ, ಖಾಸಗಿ ಜಾಗದ್ದು ಬಿಟ್ಟು, 50 ಮೀಟರ್ ರಕ್ಷಣಾ ಅಂಚು ಬರುತ್ತದೆ. ಅಳತೆ ತಪ್ಪಿದರೆ ತಗಾದೆ ಅಲ್ಲಿಂದಲೇ ಶುರು. ಜಾತಿ ಬರೆಯುವಾಗ ಎಲೆಯ ಉಪದಳಗಳನ್ನು ನೋಡಿ. ಆರಿಯಂನಲ್ಲಿ ತುದಿ ಮೊಂಡು, ನಡುವೆ ಪುಟ್ಟ ಮೊನೆ, ಅಂಚಿನಲ್ಲಿ ಹಲ್ಲಿಲ್ಲ, ತೊಗಲಿನಂಥ ದಪ್ಪ. ಬೀಜಾಣು ಕಟ್ಟುವುದು ಎಲೆಯ ಮೇಲ್ತುದಿಯ ಕೆಲವು ಜೋಡಿ ಉಪದಳಗಳಲ್ಲಿ ಮಾತ್ರ. ಅವುಗಳ ಅಡಿಭಾಗವಿಡೀ ತುಕ್ಕು ಬಣ್ಣಕ್ಕೆ ತಿರುಗುತ್ತದೆ, ಬಿಡಿ ಚುಕ್ಕಿಗಳಿರುವುದಿಲ್ಲ. ಇದರ ಸೋದರ ಜಾತಿ ಅಕ್ರೋಸ್ಟಿಕಮ್ ಸ್ಪೀಸಿಯೋಸಮ್ ಗಿಡ್ಡ, ಉಪದಳದ ತುದಿ ಚೂಪು, ಹೆಚ್ಚು ಮುಳುಗುವ ನೆಲದಲ್ಲೂ ನಿಲ್ಲುತ್ತದೆ. ಒಂದು ಎಳೆ ಎಲೆ ನೋಡಿ ತೀರ್ಮಾನ ಬೇಡ. ಬಲಿತ, ಬೀಜಾಣು ಕಟ್ಟಿದ ಎಲೆಯೇ ಬೇಕು.

ದಡ ಕೊರೆತಕ್ಕೆ ಇದನ್ನೇ ಬೆಳೆಸುವ ಯೋಚನೆ ಇದ್ದರೆ, ಅದು ಒಳ್ಳೆಯ ಯೋಚನೆ, ಆದರೆ ಉಪ್ಪುನೀರಿನಲ್ಲಿ ಬಿತ್ತಿ ಸೋಲಬೇಡಿ. ದೊಡ್ಡ ಗಿಡ ಉಪ್ಪು ತಾಳುತ್ತದೆ, ಬೀಜಾಣು ಮೊಳೆಯುವ ಹಂತಕ್ಕೆ ಉಪ್ಪು ಕಮ್ಮಿ ಇದ್ದಷ್ಟೂ ಒಳ್ಳೆಯದು. ಮಳೆಗಾಲದಲ್ಲಿ ಅಳಿವೆ ಸಿಹಿಯಾದಾಗಲೇ ಹೊಸ ಗಿಡ ಹುಟ್ಟುವುದಕ್ಕೆ ಅನುಕೂಲ. ಅಡಿಭಾಗ ತುಕ್ಕು ಬಣ್ಣವಾದ, ಇನ್ನೂ ಪುಡಿ ಉದುರದ ಉಪದಳ ಕಿತ್ತು ಕಾಗದದ ಲಕೋಟೆಯಲ್ಲಿ ಎರಡು ದಿನ ಇಡಿ, ಕಂದು ಪುಡಿ ಬೀಳುತ್ತದೆ. ಹೊಯಿಗೆ ಮತ್ತು ಎಲೆಗೊಬ್ಬರ ಸಮಪಾಲು, ಕುದಿನೀರು ಹೊಯ್ದು ಆರಿಸಿ, ಪುಡಿಯನ್ನು ತೆಳ್ಳಗೆ ಉದುರಿಸಿ, ಮೇಲೆ ಮಣ್ಣು ಮುಚ್ಚದೆ ಗಾಜು ಮುಚ್ಚಿ. ಮೊಳೆಯಲು ಬೆಳಕು ಬೇಕು, ನೇರ ಬಿಸಿಲು ಬೇಡ. ನೀರು ಕೆಳಗಿನಿಂದ, ಮಳೆನೀರಾದರೆ ಉತ್ತಮ. ಮೊದಲು ಹಸಿರು ಪೊರೆ, ಆಮೇಲೆ ಉಗುರಿನಷ್ಟಿರುವ ಹೃದಯಾಕಾರದ ಪ್ರೋಥ್ಯಾಲಸ್, ಅಂದರೆ ಎಲೆ ಬರುವ ಮುಂಚಿನ ಚಪ್ಪಟೆ ಪುಟ್ಟ ಗಿಡ. ಗಂಡು ಕೋಶ ಈಜಿ ಹೆಣ್ಣನ್ನು ಸೇರುವುದು ಈ ಹಂತದಲ್ಲಿ, ಮೇಲ್ಮೈಯಲ್ಲಿ ನೀರಿನ ತೆಳುಪದರ ತಪ್ಪಿದರೆ ಇಡೀ ಬಿತ್ತನೆ ಹೋಯಿತು. ಮೊದಲ ಎಲೆಗಳು ಸೀಳಿಲ್ಲದ ಸಣ್ಣ ನಾಲಗೆಗಳು. ಅವನ್ನು ಕಳೆ ಎಂದು ಕೀಳದಂತೆ ನರ್ಸರಿಯವರಿಗೆ ಮೊದಲೇ ಹೇಳಿಡಿ. ಉಪದಳ ಬಿಡಿಸಿದ ಎಲೆ ಬಂದ ಮೇಲೆ ಅಳಿವೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಅಭ್ಯಾಸ ಮಾಡಿಸಿ, ಮುಂದಿನ ಮಳೆ ಹಿಡಿದಾಗ ದಡಕ್ಕೆ ಒಯ್ಯಿರಿ.