ಯೆಜ್ಡಿಗೆ ಬೆಲ್‌ಬಾಟಮ್

ಇವತ್ತು ಬೆಳಿಗ್ಗೆ ಗೆಳೆಯ ತನ್ನ ಅಪ್ಪನ ಹಳೇ ಯೆಜ್ಡಿ ಬೈಕ್ ಹತ್ತಿ ಮನೆಗೆ ಬಂದ. ಮೈಮೇಲೂ ಅಪ್ಪನದ್ದೇ ಬಟ್ಟೆ. ಬೆಲ್‌ಬಾಟಮ್, ಅಗಲ ಕಾಲರಿನ ಅಂಗಿ, ಕಪ್ಪು ಚರ್ಮದ ಶೂ.

ನನ್ನ ಕಣ್ಣು ಮಾತ್ರ ಪ್ಯಾಂಟಿನ ಅಂಚಿನ ಮೇಲೆ. ಅಷ್ಟು ಅಗಲ, ಗಾಳಿಗೆ ಪಟಪಟ ಅಂತಿತ್ತು. ಚೈನಿಗೆ ಸಿಕ್ಕಿಕೊಳ್ಳಲ್ವಾ?

ಇಲ್ಲ. ಆ ಗಾಡಿಯ ಚೈನು ಪೂರ್ತಿ ತಗಡಿನ ಕವರ್ ಒಳಗೆ ಓಡುತ್ತದೆ. ಬಟ್ಟೆ ಸಿಕ್ಕುವುದಿಲ್ಲ, ಎಣ್ಣೆ ಹಾರುವುದಿಲ್ಲ. ಬಗ್ಗಿ ನೋಡಿದೆ, ತಿಳಿ ಬಣ್ಣದ ಪ್ಯಾಂಟಿನ ಮೇಲೆ ಒಂದು ಕಲೆ ಇಲ್ಲ!

ಶೂ ನೋಡಿ. ಎಡಗಾಲಿನದ್ದು ಜಾಸ್ತಿ ಸವೆದಿದೆ. ಕಿಕ್ಕರ್ರೂ ಗೇರೂ ಒಂದೇ ಲಿವರ್, ಅದೂ ಎಡಕ್ಕೆ. ಎರಡೂ ಕೆಲಸ ಆ ಕಾಲಿಗೇ. ಗಟ್ಟಿ ಚರ್ಮ ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯಿತು.

ಜಾವಾ, ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಗಾಡಿಗಳನ್ನು ಜನ ಜೋಪಾನ ಮಾಡಿದರು. ಅವುಗಳ ಮೇಲೆ ಕೂತವರ ಬಟ್ಟೆ ಮಾತ್ರ ಸುಮ್ನೆ ಪಾತ್ರೆಯವನ ಪಾಲಾಯಿತು. ನನಗೆ ಅದೇ ಬೇಜಾರು. ಬಟ್ಟೆ ಜೊತೆಗಿದ್ದರೆ ಗಾಡಿ ಹೇಗೆ ಓಡಿಸುತ್ತಿದ್ದರು ಅನ್ನುವುದೂ ಉಳಿಯುತ್ತದೆ.

ಹೆಲ್ಮೆಟ್ ಮಾತ್ರ ಹೊಸದೇ ಇರಲಿ, ಐಎಸ್‌ಐ ಗುರುತಿನದ್ದು. ಅದರಲ್ಲಿ ಹಳೇ ಕಾಲ ಬೇಡ.

ಜುಲೈ ಎರಡನೇ ಭಾನುವಾರ ಜಾವಾ ದಿನ, ಜಾವಾ, ಯೆಜ್ಡಿ ಇದ್ದವರು ಗಾಡಿ ಹತ್ತಿ ಒಟ್ಟಿಗೆ ಸೇರುವ ದಿನ. ಅವತ್ತು ಹಳೇ ಬಟ್ಟೆ ಹಾಕಿಕೊಳ್ಳೋಕೆ ಅಪ್ಪನ, ಮಾವನ ಟ್ರಂಕು ಇದ್ದವರು ಈಗಲೇ ತೆಗೆದು ನೋಡಿ. ಹೊಲಿಗೆ ಬಿಟ್ಟಿದ್ದರೆ ಟೈಲರ್ ಹತ್ತಿರ ಕೊಡೋಕೆ ಟೈಮ್ ಬೇಕು.