ಹಗ್ಗಕ್ಕೆ ಒರಗಿ ಕಾಯುವ ಬೇಟೆ: ಟ್ರೀ ಸ್ಯಾಡಲ್ ಕಲಿಯಬಯಸುವ ಬಿಲ್ಲುಗಾರರಿಗೆ

ಮಿಶಿಗನ್‌ನಲ್ಲಿ ಬಿಲ್ಲುಬೇಟೆಯ ಋತು ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ. ಆಗಸ್ಟ್ ಕಳೆಯುವ ಹೊತ್ತಿಗೇ ಇಲ್ಲಿನ ಬಿಲ್ಲುಗಾರರ ಮಾತು ಮರಗಳ ಕಡೆಗೆ, ಗಾಳಿಯ ದಿಕ್ಕಿನ ಕಡೆಗೆ, ಈ ವರ್ಷ ಓಕ್ ಮರಗಳು ಕಾಯಿ ಹಿಡಿದಿವೆಯೇ ಎಂಬುದರ ಕಡೆಗೆ ತಿರುಗಿರುತ್ತದೆ. ಈಚಿನ ವರ್ಷಗಳಲ್ಲಿ ಆ ಮಾತುಕತೆಯಲ್ಲಿ ಟ್ರೀ ಸ್ಯಾಡಲ್, ಅಂದರೆ ಮರದ ಮೇಲೆ ಹಗ್ಗಕ್ಕೆ ಒರಗಿ ಕಾಯಲು ಸೊಂಟಕ್ಕೆ ತೊಡುವ ಜೋಲಿ, ಕೂಡ ಸೇರಿಕೊಂಡಿದೆ. ಇಲ್ಲಿ ನೆಲೆಸಿ ಬಿಲ್ಲು ಹಿಡಿದಿರುವ ಕೆಲವು ಕನ್ನಡಿಗ ಗೆಳೆಯರು ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ನನ್ನನ್ನು ಕೇಳಿದ್ದರಿಂದ, ನನಗೆ ತಿಳಿದಿರುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಊರಿನಿಂದ ಇದನ್ನು ಓದುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ನಾನು ಬರೆಯುತ್ತಿರುವುದು ಲೈಸೆನ್ಸ್ ಪಡೆದು, ಗೊತ್ತುಪಡಿಸಿದ ಋತುವಿನಲ್ಲಿ, ಅಮೆರಿಕದ ಕಾಡಿನಲ್ಲಿ ವೈಟ್‌ಟೇಲ್ ಜಿಂಕೆಗಾಗಿ ಕಾಯುವ ಬೇಟೆಯ ಬಗ್ಗೆ ಮಾತ್ರ.

ಸ್ಯಾಡಲ್ ಎಂದರೆ ಸೊಂಟದಿಂದ ತೊಡೆಯ ಮೇಲ್ಭಾಗದವರೆಗೆ ಹಿಂಬದಿಯನ್ನು ಹಿಡಿದುಕೊಳ್ಳುವ ಗಟ್ಟಿ ಬಟ್ಟೆಯ ಜೋಲಿ. ಅದರ ಎರಡು ಪಕ್ಕಗಳನ್ನು ಮುಂದುಗಡೆ ಒಂದು ತುಂಡು ಹಗ್ಗ ಸೇರಿಸುತ್ತದೆ, ಇದಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಮರದ ಕಾಂಡಕ್ಕೆ ಸುತ್ತಿದ ಇನ್ನೊಂದು ಹಗ್ಗ ಟೆದರ್. ಟೆದರಿಗೂ ಬ್ರಿಡ್ಜಿಗೂ ನಡುವೆ ಕ್ಯಾರಬೀನರ್ ಕೊಕ್ಕೆ ಹಾಕಿ, ಪಾದಗಳನ್ನು ಸಣ್ಣದೊಂದು ಪ್ಲಾಟ್‌ಫಾರ್ಮಿನ ಮೇಲಿಟ್ಟು, ಮರಕ್ಕೆ ಮುಖಮಾಡಿ ಹಿಂದಕ್ಕೆ ಒರಗಿದರೆ ದೇಹದ ಭಾರವೆಲ್ಲ ಹಗ್ಗದ ಮೇಲೆ ಬಿದ್ದು ಎರಡೂ ಕೈ ಬಿಡುವಾಗುತ್ತವೆ. ಸಿರ್ಸಿ, ಸಾಗರದ ಕಡೆಯ ತೋಟಗಳಲ್ಲಿ ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರವೇರಿ, ಕಾಂಡಕ್ಕೆ ಕಟ್ಟಿದ ಸಣ್ಣ ಮಣೆಯ ಮೇಲೆ ಕುಳಿತು ಕೊನೆ ಕೊಯ್ಯುವ ಕೊನೆಗೌಡರನ್ನು ನೋಡಿ ಬೆಳೆದವರಿಗೆ ಈ ಉಪಾಯ ಹೊಸದೆನಿಸಲಾರದು. ಅಮೆರಿಕದ ಬೇಟೆಯಲ್ಲೂ ಇದು ನಿನ್ನೆ ಮೊನ್ನೆಯದಲ್ಲ. ಮಿಶಿಗನ್‌ನವರೇ ಆದ ಜಾನ್ ಎಬರ್‌ಹಾರ್ಟ್ 1980ರ ದಶಕದಿಂದಲೇ ಸ್ಯಾಡಲಿನಲ್ಲಿ ಬೇಟೆಯಾಡುತ್ತ ಬಂದವರು. ಹಗುರವಾದ ಸಾಮಗ್ರಿ ಅಂಗಡಿಗೆ ಬಂದು, ಟೆದರ್ಡ್, ಟ್ರೋಫಿ ಲೈನ್‌ನಂಥ ಕಂಪನಿಗಳ ಹೆಸರು ಎಲ್ಲರಿಗೂ ಗೊತ್ತಾದದ್ದು ಮಾತ್ರ ಬಹಳ ಈಚೆಗೆ.

ಅಟ್ಟಣೆಯಂತಹ ಟ್ರೀ ಸ್ಟ್ಯಾಂಡ್ ಬಿಟ್ಟು ಜನ ಇದರತ್ತ ಬರಲು ಮೊದಲ ಕಾರಣ ಹೊರೆ. ಹೆಗಲ ಮೇಲೆ ಹೊತ್ತು ತಂದು ಮರಕ್ಕೆ ಕಟ್ಟುವ ಸ್ಟ್ಯಾಂಡು ಮತ್ತು ಏಣಿತುಂಡುಗಳು ಸೇರಿದರೆ ಒಂಬತ್ತು ಹತ್ತು ಕಿಲೋ ಸುಲಭವಾಗಿ ಆಗುತ್ತದೆ. ಸ್ಯಾಡಲ್, ಪ್ಲಾಟ್‌ಫಾರ್ಮ್, ಹಗ್ಗ, ಮೂರು ನಾಲ್ಕು ಕ್ಲೈಂಬಿಂಗ್ ಸ್ಟಿಕ್ (ಮರಕ್ಕೆ ಕಟ್ಟಿ ಹತ್ತುವ ಏಣಿತುಂಡು) ಎಲ್ಲ ಸೇರಿಯೂ ಅದರ ಅರ್ಧದಷ್ಟರಲ್ಲಿ ಮುಗಿಸಬಹುದು. ಸ್ವಂತ ಜಮೀನಿಲ್ಲದೆ ಸರ್ಕಾರಿ ಕಾಡಿನಲ್ಲಿ ಬೇಟೆಯಾಡುವ ನನ್ನಂಥವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ವಾಹನ ನಿಲ್ಲಿಸಿದ ಜಾಗದಿಂದ ಒಂದು ಮೈಲಿ ಒಳಗೆ ನಡೆದರೆ ಜನರ ಓಡಾಟ ತಗ್ಗುತ್ತದೆ, ಜಿಂಕೆಗಳ ನಡವಳಿಕೆಯೂ ಬದಲಾಗುತ್ತದೆ. ಎರಡನೆಯ ಕಾರಣ ನನ್ನ ಮಟ್ಟಿಗೆ ಇನ್ನೂ ಮುಖ್ಯವಾದದ್ದು. ಸ್ಟ್ಯಾಂಡಿಗೆ ನೆಟ್ಟಗಿರುವ ಮರ ಬೇಕು, ಸ್ಯಾಡಲಿಗೆ ಸ್ವಲ್ಪ ವಾಲಿದ, ಕವಲೊಡೆದ ಮರವೂ ಆದೀತು. ಅಲ್ಲದೆ ಜಿಂಕೆ ಬರುವ ಕಡೆಗೂ ನಮಗೂ ನಡುವೆ ಕಾಂಡವನ್ನೇ ಮರೆಯಾಗಿಟ್ಟುಕೊಂಡು, ಅದು ಸರಿದಂತೆ ನಾವೂ ಕಾಂಡದ ಸುತ್ತ ಮೆಲ್ಲಗೆ ಸರಿಯಬಹುದು.

ಇಷ್ಟಾದರೂ, ಹೊಸಬರು ಮೊದಲು ಕಲಿಯಬೇಕಾದದ್ದು ಬೇಟೆಯನ್ನಲ್ಲ, ಹಗ್ಗವನ್ನು. ಹೆಚ್ಚಿನವರು ಯಾವ ಸ್ಯಾಡಲ್ ಕೊಳ್ಳಬೇಕು, ಎಷ್ಟು ಎತ್ತರ ಏರಬೇಕು ಎಂದು ಕೇಳುತ್ತಾರೆ. ಟೆದರ್ ಎಷ್ಟು ಬಿಗಿಯಿರಬೇಕು ಎಂದು ಮೊದಲು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಆ ಪ್ರಶ್ನೆಗೆ ಉತ್ತರ ಇಷ್ಟೇ: ಅದು ಯಾವ ಗಳಿಗೆಯಲ್ಲೂ ಸಡಿಲವಿರಬಾರದು. ಸ್ಯಾಡಲ್ ಬೀಳುವವರನ್ನು ತಡೆಯುವ ಸಾಧನವಲ್ಲ, ಬೀಳಲು ಅವಕಾಶವನ್ನೇ ಕೊಡದ ಸಾಧನ. ಇದರಲ್ಲಿ ಬಳಸುವ ಹಗ್ಗ ಬಂಡೆ ಹತ್ತುವವರ ಹಗ್ಗದಂತೆ ಎಳೆದಾಗ ಹಿಗ್ಗುವುದಿಲ್ಲ. ಎರಡು ಅಡಿ ಸಡಿಲವಿದ್ದು ಕಾಲು ಜಾರಿದರೆ ಹಗ್ಗ ಜಗ್ಗಿ ನಿಲ್ಲುವ ಆ ಒಂದು ಕ್ಷಣದಲ್ಲಿ ದೇಹದ ತೂಕದ ಹಲವು ಪಟ್ಟು ಬಲ ಸೊಂಟದ ಮೇಲೂ ಬೆನ್ನುಹುರಿಯ ಮೇಲೂ ಬೀಳುತ್ತದೆ. ಹಿಡಿತವೆಲ್ಲ ಸೊಂಟದಲ್ಲೇ ಇರುವುದರಿಂದ ತಲೆಕೆಳಗಾಗುವ ಅಪಾಯವೂ ಇದೆ. ಅದೇ ಹಗ್ಗ ಬಿಗಿಯಾಗಿದ್ದರೆ ಕಾಲು ಜಾರಿದವರು ಇದ್ದಲ್ಲೇ ತುಸು ತೂಗಾಡಿ, ಮೊಣಕಾಲನ್ನು ಮರಕ್ಕೆ ಒತ್ತಿ, ಮತ್ತೆ ಪ್ಲಾಟ್‌ಫಾರ್ಮಿಗೆ ಪಾದ ಹಚ್ಚುತ್ತಾರೆ.

ಟೆದರಿನ ಉದ್ದವನ್ನು ಹೆಚ್ಚುಕಡಿಮೆ ಮಾಡುವುದು ಅದರ ಮೇಲಿನ ಪ್ರುಸಿಕ್ ಗಂಟು. ತೆಳ್ಳನೆಯ ಹಗ್ಗದ ಕುಣಿಕೆಯೊಂದನ್ನು ಮುಖ್ಯ ಹಗ್ಗಕ್ಕೆ ಎರಡು ಮೂರು ಸುತ್ತು ಸುತ್ತಿ ಕಟ್ಟಿದ ಗಂಟದು. ಭಾರ ಬಿದ್ದಾಗ ಕಚ್ಚಿ ಹಿಡಿಯುತ್ತದೆ, ಭಾರ ತೆಗೆದಾಗ ಕೈಯಿಂದ ಜರುಗಿಸಲು ಬರುತ್ತದೆ. ಇದನ್ನು ಹತ್ತಿರದಿಂದ ನೋಡುವ ಅಭ್ಯಾಸ ಬೇಕು. ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರಬೇಕು, ಒಂದರ ಮೇಲೊಂದು ಹತ್ತಿರಬಾರದು. ಕೊಕ್ಕೆ ಹಾಕುವ ಮುನ್ನ ಗಂಟನ್ನು ಬೆರಳಿನಿಂದ ಒತ್ತಿ ಸರಿಮಾಡಿ, ಜೋರಾಗಿ ಎಳೆದು, ಹಿಡಿಯಿತೆಂದು ಖಾತ್ರಿ ಮಾಡಿಕೊಳ್ಳಬೇಕು. ಮಳೆಯಲ್ಲಿ ನೆಂದ ಹಗ್ಗದಲ್ಲೂ, ಹಿಮ ಹತ್ತಿದ ಹಗ್ಗದಲ್ಲೂ ಗಂಟಿನ ಹಿಡಿತ ಬೇರೆಯಾಗಿರುತ್ತದೆ ಎಂಬುದನ್ನು ನೆಲದ ಮೇಲಿದ್ದಾಗಲೇ ಕೈ ತಿಳಿದಿರಬೇಕು. ಕೆಲವರು ಗಂಟಿನ ಬದಲು ಲೋಹದ ಹಿಡಿಕೆ ಬಳಸುತ್ತಾರೆ, ಆದರೆ ಆ ಹಿಡಿಕೆಗೆ ಯಾವ ದಪ್ಪದ ಹಗ್ಗ ಹೊಂದುತ್ತದೆಂದು ತಯಾರಕರು ಹೇಳಿದ್ದಾರೋ ಅದನ್ನೇ ಹಾಕಬೇಕು. ಗಂಟನ್ನು ಚೆನ್ನಾಗಿ ಕಲಿತ ಮೇಲೆ ಲೋಹಕ್ಕೆ ಹೋಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಏರುವಾಗ ಮತ್ತು ಇಳಿಯುವಾಗ ನಮ್ಮನ್ನು ಹಿಡಿದಿರುವುದು ಮೂರನೆಯ ಹಗ್ಗ, ಲೈನ್‌ಮನ್ ಬೆಲ್ಟ್. ವಿದ್ಯುತ್ ಕಂಬ ಹತ್ತುವವರು ಬಳಸುವಂತೆ ಇದು ಕಾಂಡವನ್ನು ಸುತ್ತಿ ಸೊಂಟದ ಎರಡೂ ಬದಿಯ ಕುಣಿಕೆಗಳಿಗೆ ಸೇರುತ್ತದೆ. ಪಾದ ನೆಲ ಬಿಡುವ ಮೊದಲೇ ಇದನ್ನು ಹಾಕಿಕೊಳ್ಳಬೇಕು. ಒಂದೊಂದು ಸ್ಟಿಕ್ ಕಟ್ಟಿ ಮೇಲೇರಿ, ಪ್ಲಾಟ್‌ಫಾರ್ಮನ್ನು ಬಿಗಿದು, ಟೆದರನ್ನು ತಲೆಯ ಎತ್ತರಕ್ಕೆ ಸುತ್ತಿ, ಬ್ರಿಡ್ಜಿಗೆ ಕೊಕ್ಕೆ ಹಾಕಿ, ಅದರ ಮೇಲೆ ಪೂರ್ತಿ ಭಾರ ಬಿಟ್ಟು ಪರೀಕ್ಷಿಸಿದ ನಂತರವೇ ಲೈನ್‌ಮನ್ ಬೆಲ್ಟ್ ಬಿಚ್ಚುವುದು. ಅಡ್ಡಕೊಂಬೆ ಎದುರಾದರೆ ಅದರ ಮೇಲೆ ಇನ್ನೊಂದು ಹಗ್ಗ ಹಾಕಿಕೊಂಡ ಮೇಲೆಯೇ ಕೆಳಗಿನದನ್ನು ತೆಗೆಯಬೇಕು. ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಒಂದಲ್ಲ ಒಂದು ಹಗ್ಗ ಮೈಗೆ ಅಂಟಿಯೇ ಇರಬೇಕೆಂಬ ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಇದೆಲ್ಲವನ್ನೂ ಜುಲೈ, ಆಗಸ್ಟ್‌ನಲ್ಲಿ ಹಿತ್ತಲಿನ ಮರದಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ ಕಲಿಯಬೇಕು. ಅಷ್ಟೇ ಎತ್ತರದಲ್ಲಿ ಪ್ಲಾಟ್‌ಫಾರ್ಮ್ ಕಟ್ಟಿ, ಎರಡು ಗಂಟೆ ಅಲ್ಲಾಡದೆ ಇದ್ದು ನೋಡಿದರೆ ದೇಹ ತನ್ನ ಪಾಠವನ್ನು ತಾನೇ ಹೇಳುತ್ತದೆ. ಬಹುಮಂದಿ ಹೊಸಬರು ದೂರುವುದು ಸೊಂಟದ ಎರಡು ಬದಿ ಇಕ್ಕಳ ಹಾಕಿದಂತೆ ನೋಯುತ್ತದೆ ಎಂದು. ಸಾಮಾನ್ಯವಾಗಿ ಅದಕ್ಕೆ ಕಾರಣ ಬ್ರಿಡ್ಜ್ ತೀರ ಚಿಕ್ಕದಾಗಿರುವುದು. ಅದನ್ನು ಸ್ವಲ್ಪ ಉದ್ದ ಮಾಡಿದರೆ ಎರಡು ಬದಿಯನ್ನು ಒಳಕ್ಕೆ ಎಳೆಯುವ ಬಲ ಕಡಿಮೆಯಾಗುತ್ತದೆ. ಬೆನ್ನು ನೋಯುವವರು ಜೋಲಿಯನ್ನು ಒಂದಿಷ್ಟು ಕೆಳಗೆ, ತೊಡೆಯ ಕಡೆಗೆ ಜಗ್ಗಿ ನೋಡಬೇಕು. ಟೆದರನ್ನು ತುಸು ಮೇಲೆ ಕಟ್ಟಿದರೆ ಮೊಣಕಾಲನ್ನು ಮರಕ್ಕೆ ಊರಿ ಕೂರುವುದು ಹಿತವಾಗುತ್ತದೆ, ತುಸು ಕೆಳಗೆ ಕಟ್ಟಿದರೆ ನಿಂತು ಒರಗುವುದು. ದಿನವಿಡೀ ಕಾಯುವವರು ಈ ಎರಡು ಭಂಗಿಗಳನ್ನು ಬದಲಿಸುತ್ತಲೇ ಇರುತ್ತಾರೆ. ಮೊಣಕಾಲಿಗೆ ದಪ್ಪ ಪ್ಯಾಡ್ ಹಾಕಿಕೊಳ್ಳುವುದನ್ನು ಮರೆಯಬಾರದು.

ಮಿಶಿಗನ್‌ನಲ್ಲಿ ಮರ ಆರಿಸುವ ವಿಷಯಕ್ಕೆ ಬೇರೆಯೇ ತೂಕವಿದೆ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಯಿತು, ಅಂದಿನಿಂದ ಕೋಟಿಗಟ್ಟಲೆ ಆಶ್ ಮರಗಳು ಸತ್ತಿವೆ. ಇಂಥ ಮರಗಳು ಇನ್ನೂ ನಿಂತೇ ಇರುತ್ತವೆ, ಒಳಗೆ ಮಾತ್ರ ಪುಡಿಯಾಗಿರುತ್ತವೆ. ಎಲೆ ಉದುರಿದ ನವೆಂಬರ್‌ನಲ್ಲಿ, ಬೆಳಕು ಹರಿಯುವ ಮುನ್ನ ಟಾರ್ಚಿನ ಬೆಳಕಿನಲ್ಲಿ ಸತ್ತ ಮರಕ್ಕೂ ಬದುಕಿರುವ ಮರಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ಆದ್ದರಿಂದ ಎಲೆಗಳಿರುವಾಗಲೇ, ಹಗಲಲ್ಲಿ ಹೋಗಿ ಮರ ಗೊತ್ತುಮಾಡಿ ಬರಬೇಕು. ತೊಗಟೆಯಲ್ಲಿ ವಜ್ರದಾಕಾರದ ಸೀಳುಗಳು, ಎದುರುಬದುರಾಗಿ ಒಡೆದ ಕೊಂಬೆಗಳು ಕಂಡರೆ ಅದು ಆಶ್ ಆಗಿರುವ ಸಂಭವ ಹೆಚ್ಚು, ಅದನ್ನು ಬಿಟ್ಟುಬಿಡುವುದೇ ಸರಿ. ಶ್ಯಾಗ್‌ಬಾರ್ಕ್ ಹಿಕರಿ ಗಟ್ಟಿ ಮರವೇ ಆದರೂ ಅದರ ತೊಗಟೆ ಪಟ್ಟಿಪಟ್ಟಿಯಾಗಿ ಎದ್ದು ನಿಂತಿರುವುದರಿಂದ ಸ್ಟಿಕ್ ಭದ್ರವಾಗಿ ಕೂರುವುದಿಲ್ಲ, ಸದ್ದೂ ಆಗುತ್ತದೆ. ಬೀಚ್ ಮರದ ನುಣುಪು ತೊಗಟೆ ಮಳೆಯಲ್ಲಿ ಜಾರುತ್ತದೆ. ತೊಡೆಗಿಂತ ದಪ್ಪನಾದ, ಅಪ್ಪಿ ಹಿಡಿಯಲು ಬರುವಷ್ಟು ಗಾತ್ರದ ಜೀವಂತ ಓಕ್ ಅಥವಾ ಮೇಪಲ್ ಸಿಕ್ಕಿದರೆ ಬೇರೆ ಮರ ಹುಡುಕುವ ಅಗತ್ಯವಿಲ್ಲ. ಹತ್ತಿರದಲ್ಲಿ ಕಾಯಿ ಉದುರಿಸುತ್ತಿರುವ ವೈಟ್ ಓಕ್ ಇದ್ದರೆ ಅಕ್ಟೋಬರ್‌ನಲ್ಲಿ ಜಿಂಕೆಗಳು ತಾವಾಗಿಯೇ ಅಲ್ಲಿಗೆ ಬರುತ್ತವೆ.

ಮರ ಆರಿಸುವಾಗ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಜೆ ನೆಲ ತಣ್ಣಗಾಗುತ್ತ ಬಂದಂತೆ ಗಾಳಿ ಇಳಿಜಾರಿನ ಗುಂಟ ಕೆಳಗೆ ಹರಿದು ನಮ್ಮ ವಾಸನೆಯನ್ನು ತಗ್ಗಿಗೆ ಒಯ್ಯುತ್ತದೆ, ಬಿಸಿಲೇರಿದ ಮೇಲೆ ಅದೇ ಗಾಳಿ ಮೇಲಕ್ಕೇಳುತ್ತದೆ. ಎಷ್ಟೇ ಎತ್ತರ ಏರಿದರೂ ಜಿಂಕೆಯ ಮೂಗನ್ನು ವಂಚಿಸಲಾಗದು. ಹೊಸಬರು ಹನ್ನೆರಡು ಹದಿನೈದು ಅಡಿಯಲ್ಲೇ ಇದ್ದು, ಹಿಂದೆ ಕೊಂಬೆ ಎಲೆಗಳ ಮರೆಯಿರುವ ಜಾಗ ನೋಡಿಕೊಳ್ಳುವುದು ಮೇಲು.

ಇನ್ನು ಬಾಣ ಬಿಡುವ ಮಾತು. ಮರಕ್ಕೆ ಮುಖಮಾಡಿರುವ ಬಲಗೈ ಬಿಲ್ಲುಗಾರರಿಗೆ ಎಡಬದಿ ಸುಲಭ, ಬಲಬದಿ ಕಷ್ಟ. ಆದ್ದರಿಂದ ಜಿಂಕೆ ಬರುವ ದಾರಿ ತಮ್ಮ ಎಡಕ್ಕೆ ಬೀಳುವಂತೆ ಪ್ಲಾಟ್‌ಫಾರ್ಮ್ ಕಟ್ಟಬೇಕು. ಬಲಕ್ಕೆ ತಿರುಗಿ ಹೊಡೆಯಬೇಕಾದಾಗ ಪಾದಗಳನ್ನು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ತಿರುಗಿಸಿ, ಟೆದರಿನ ಇನ್ನೊಂದು ಪಕ್ಕಕ್ಕೆ ಬಿಲ್ಲನ್ನು ದಾಟಿಸಿ, ಹೆದೆ ಸೆಳೆಯುವುದನ್ನು ಮೊದಲೇ ರೂಢಿ ಮಾಡಿರಬೇಕು. ಹೆದೆ ಹಗ್ಗಕ್ಕೆ ತಾಗುವುದೇ, ಬಿಲ್ಲಿನ ಕೆಳತುದಿ ಮೊಣಕಾಲಿಗೆ ಬಡಿಯುವುದೇ ಎಂಬುದೆಲ್ಲ ಅಭ್ಯಾಸದಲ್ಲೇ ಗೊತ್ತಾಗುವ ಸಂಗತಿಗಳು. ಕೆಳಕ್ಕೆ ಗುರಿಯಿಡುವಾಗ ಬಿಲ್ಲುಗೈಯನ್ನಷ್ಟೇ ಇಳಿಸಬಾರದು, ಸೊಂಟದಲ್ಲಿ ಬಗ್ಗಬೇಕು. ಆಗ ಭುಜ ಮತ್ತು ತೋಳಿನ ಕೋನ ನೆಲದ ಮೇಲೆ ನಿಂತಾಗ ಇದ್ದಂತೆಯೇ ಉಳಿಯುತ್ತದೆ. ಜಿಂಕೆ ಮರದ ಬುಡಕ್ಕೇ ಬಂದು ನಿಂತರೆ ಆಸೆ ಹುಟ್ಟುವುದು ಸಹಜ, ಆದರೆ ನೇರ ಕೆಳಕ್ಕೆ ಬಿಟ್ಟ ಬಾಣ ಒಂದೇ ಶ್ವಾಸಕೋಶವನ್ನು ತಾಗಿ ಪ್ರಾಣಿ ಬಹಳ ದೂರ ನರಳುತ್ತ ಹೋಗುವಂತೆ ಮಾಡಬಹುದು. ಅದು ಹದಿನೈದು ಇಪ್ಪತ್ತು ಗಜ ದೂರ ಸರಿದು, ಪಕ್ಕವನ್ನು ತೋರಿಸುವವರೆಗೆ ಕಾಯಬೇಕು. ತೋರಿಸದಿದ್ದರೆ ಹೋಗಲು ಬಿಡಬೇಕು. ಪ್ರಾಣಿಯನ್ನು ಕೊಲ್ಲಲು ಹೊರಟವರ ಮೇಲೆ ಅದನ್ನು ನರಳಿಸದಿರುವ ಹೊಣೆ ಇದೆಯೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಿಶಿಗನ್‌ನಲ್ಲಿ 1960ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಲೈಸೆನ್ಸಿಗೆ ಮೊದಲು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಅದಿಲ್ಲದವರು ಅನುಭವಿ ವಯಸ್ಕರ ಜೊತೆಯಲ್ಲಿ ಹೋಗಲು ಅಪ್ರೆಂಟಿಸ್ ಲೈಸೆನ್ಸ್ ಪಡೆಯಬಹುದು. ಸರ್ಕಾರಿ ಕಾಡಿನಲ್ಲಿ ತೊಗಟೆಯನ್ನು ತೂರುವ ಮೊಳೆ, ತಿರುಪಿನ ಮೆಟ್ಟಿಲು ನಿಷಿದ್ಧ, ಪಟ್ಟಿ ಅಥವಾ ಹಗ್ಗದಿಂದ ಕಟ್ಟುವ ಸ್ಟಿಕ್ ಮಾತ್ರ ಬಳಸಬೇಕು. ನವೆಂಬರ್ 15ರಿಂದ 30ರವರೆಗಿನ ಬಂದೂಕಿನ ಋತುವಿನಲ್ಲಿ ಬಿಲ್ಲು ಹಿಡಿದವರೂ ಎದ್ದು ಕಾಣುವ ಕಿತ್ತಳೆ ಬಣ್ಣದ ಉಡುಪು ತೊಡಬೇಕು. ಬೇರೆ ರಾಜ್ಯಗಳಲ್ಲಿರುವವರು ತಮ್ಮ ರಾಜ್ಯದ ಇಲಾಖೆ ಪ್ರತಿವರ್ಷ ಪ್ರಕಟಿಸುವ ನಿಯಮಗಳನ್ನು ಓದಿಕೊಳ್ಳಬೇಕು.

ಸಾಮಾನು ಕೊಳ್ಳುವಾಗ ಸ್ಯಾಡಲನ್ನು ಸೆಕೆಂಡ್ ಹ್ಯಾಂಡ್ ಕೊಂಡರೂ ಹಗ್ಗಗಳನ್ನು ಹೊಸದಾಗಿಯೇ ಕೊಳ್ಳಿ. ಹಿಂದಿನವರು ಅದನ್ನು ಬಿಸಿಲಲ್ಲಿ ಬಿಟ್ಟಿದ್ದರೋ, ಯಾವ ರಾಸಾಯನಿಕ ತಾಗಿಸಿದ್ದರೋ ಕಣ್ಣಿಗೆ ಕಾಣುವುದಿಲ್ಲ. ಕ್ಯಾರಬೀನರಿನ ಮೇಲೆ ಅದರ ತಾಳಿಕೆ ಕಿಲೋನ್ಯೂಟನ್ ಲೆಕ್ಕದಲ್ಲಿ ಅಚ್ಚಾಗಿರಬೇಕು, ಬಾಯಿಗೆ ಬೀಗವಿರಬೇಕು. ಕೀಲಿಕೈಗೆ ಹಾಕುವ ಕೊಕ್ಕೆಗಳು ಇದರಂತೆಯೇ ಕಾಣುತ್ತವೆ, ಅವನ್ನು ಈ ಚೀಲದಲ್ಲಿ ಇಡಲೇಬಾರದು.

ಋತು ಶುರುವಾದ ಮೇಲೆ ಯಾವ ಕಾಡಿಗೆ, ಯಾವ ಮರಕ್ಕೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯವರಿಗೆ ನಕ್ಷೆಯ ಗುರುತಿನೊಡನೆ ಹೇಳಿ ಹೋಗಬೇಕು. ಫೋನು ಚೀಲದಲ್ಲಲ್ಲ, ನೇತಾಡುತ್ತಿರುವಾಗಲೂ ಕೈಗೆ ಸಿಗುವ ಜೇಬಿನಲ್ಲಿರಬೇಕು. ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಏರಬಾರದು. ಬಾಣಗಳನ್ನು ಬತ್ತಳಿಕೆಯಲ್ಲಿ ಭದ್ರಪಡಿಸಿ, ಮೇಲೆ ಹೋಗಿ ಟೆದರಿಗೆ ಸೇರಿಕೊಂಡ ನಂತರ ತೆಳು ಹಗ್ಗದಿಂದ ಎಳೆದುಕೊಳ್ಳಬೇಕು, ಇಳಿಯುವಾಗ ಅದೇ ಹಗ್ಗದಿಂದ ಮೊದಲು ಕೆಳಗಿಳಿಸಬೇಕು. ಕತ್ತಲಾದ ಮೇಲೆ, ಚಳಿಯಿಂದ ಬೆರಳು ಮರಗಟ್ಟಿ, ಮನೆಗೆ ಹೋಗುವ ಅವಸರವಿರುವಾಗ ಇಳಿಯುವುದು ಏರುವುದಕ್ಕಿಂತ ಕಠಿಣ. ಹೊರಡುವ ಹತ್ತು ನಿಮಿಷ ಮೊದಲೇ ಕೈಗಳನ್ನು ಬೆಚ್ಚಗೆ ಮಾಡಿಕೊಂಡು, ತಲೆಯ ಟಾರ್ಚ್ ಹಚ್ಚಿ, ಲೈನ್‌ಮನ್ ಬೆಲ್ಟ್ ಹಾಕಿ, ಅದರ ಮೇಲೆ ಭಾರ ಬಿಟ್ಟು ನೋಡಿದ ಮೇಲೆಯೇ ಟೆದರಿನ ಕೊಕ್ಕೆಗೆ ಕೈ ಹಾಕಿ.